ಓದುಗರ ಪ್ರಶ್ನೆ: ಸಿಂಹಗಳ ನಾಡಿನಲ್ಲಿ ನಾವೇ ಗಾಡಿ ಓಡಿಸಬಹುದೇ?

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಬಾಡಿಗೆ ಕಾರನ್ನು ನಾವೇ ಓಡಿಸಿಕೊಂಡು ಪ್ರಾಣಿಗಳನ್ನು ನೋಡಿದ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ಓದಿದರೆ, ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಅರ್ಧ ಜನ ಆಗಲೇ ಚೀಲ ಕಟ್ಟಿಕೊಂಡು ನಿಂತಂತಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ. ವಿಮಾನದ ದರ, ವೀಸಾ ಶುಲ್ಕಗಳಂತಹ ಆಗಾಗ ಬದಲಾಗುವ ಸಂಗತಿಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ, ಮೂವತ್ತು ವರ್ಷಗಳಿಂದ ಕಾರು ಓಡಿಸುತ್ತಿದ್ದೇನೆ. ದಾಂಡೇಲಿ, ಬಂಡೀಪುರಗಳಲ್ಲಿ ಇಲಾಖೆಯ ವಾಹನದಲ್ಲಿ ಕುಳಿತು ಸಫಾರಿ ಮಾಡಿದ್ದೇವೆ. ಆದರೆ ಸಿಂಹ, ಆನೆಗಳಿರುವ ಕಾಡಿನಲ್ಲಿ ಮಾರ್ಗದರ್ಶಿಯಿಲ್ಲದೆ ನಾವೇ ಗಾಡಿ ಓಡಿಸಲು ನಿಜವಾಗಿಯೂ ಬಿಡುತ್ತಾರೆಯೇ? ಅಲ್ಲಿನ ಒಂದು ದಿನ ಹೇಗಿರುತ್ತದೆ?
– ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಬಿಡುತ್ತಾರೆ, ಮತ್ತು ಇದು ಹೊಸದೇನೂ ಅಲ್ಲ. 1898ರಲ್ಲಿ ಸಾಬಿ ಮೃಗಧಾಮವೆಂದು ಆರಂಭವಾಗಿ 1926ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕ್ರೂಗರ್ ಮರುವರ್ಷ ಪ್ರವಾಸಿಗರಿಗೆ ತೆರೆದುಕೊಂಡಾಗ ಒಳಗೆ ಬಂದದ್ದು ಮೂರೇ ಮೂರು ಕಾರುಗಳು. ಆಮೇಲಿನ ದಶಕಗಳಲ್ಲಿ ಅಲ್ಲಿ ಹಾಕಿದ ರಸ್ತೆ, ಬೇಲಿಯೊಳಗಿನ ವಸತಿ ಶಿಬಿರ, ಪೆಟ್ರೋಲ್ ಬಂಕುಗಳೆಲ್ಲ ಸ್ವಂತ ಗಾಡಿಯಲ್ಲಿ ಬರುವವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬೆಳೆದಂಥವು. ಉದ್ಯಾನದ ವಿಸ್ತೀರ್ಣ ಸುಮಾರು 19,500 ಚದರ ಕಿಲೋಮೀಟರ್. ಧಾರವಾಡ, ಗದಗ, ಹಾವೇರಿ ಒಂದೇ ಜಿಲ್ಲೆಯಾಗಿದ್ದ ಕಾಲದ ಅಖಂಡ ಧಾರವಾಡ ಜಿಲ್ಲೆಯೂ ಅದರೊಳಗೆ ಹಿಡಿದು ಇನ್ನೂ ಜಾಗ ಉಳಿಯುತ್ತದೆ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ: ಇಷ್ಟು ದೊಡ್ಡ ಕಾಡನ್ನು ಮೂರು ದಿನಗಳಲ್ಲಿ ಸುತ್ತಿ ಮುಗಿಸುತ್ತೇವೆಂದು ಹೊರಟವರು ರಸ್ತೆಯನ್ನು ನೋಡುತ್ತಾರೆಯೇ ಹೊರತು ಪ್ರಾಣಿಗಳನ್ನಲ್ಲ.

ಗಾಡಿ ಓಡಿಸುವುದು ನಿಮಗೆ ಕಷ್ಟವಾಗಲಾರದು. ದಕ್ಷಿಣ ಆಫ್ರಿಕಾದಲ್ಲಿಯೂ ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ಚಲಿಸಬೇಕು, ಸ್ಟಿಯರಿಂಗ್ ಬಲಕ್ಕಿರುತ್ತದೆ. ಇಂಗ್ಲಿಷಿನಲ್ಲಿ ಮುದ್ರಿತವಾದ ನಮ್ಮ ಲೈಸೆನ್ಸ್ ಅಲ್ಲಿ ನಡೆಯುತ್ತದೆಯಾದರೂ, ಬಾಡಿಗೆ ಕಾರಿನ ಕೌಂಟರಿನಲ್ಲಿ ವಾದ ಮಾಡುತ್ತ ನಿಲ್ಲುವ ಬದಲು ಆರ್‌ಟಿಒ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು ಹೋಗುವುದು ಜಾಣತನ. ಜೋಹಾನ್ಸ್‌ಬರ್ಗ್‌ನಿಂದ ಉದ್ಯಾನದ ದಕ್ಷಿಣದ ಗೇಟುಗಳಿಗೆ ನಾಲ್ಕುನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ; ಐದಾರು ತಾಸು ಹಿಡಿಯುತ್ತದೆ. ಸಿಗ್ನಲ್ ಇಲ್ಲದ ಕೂಡುರಸ್ತೆಗಳಲ್ಲಿ ನಾಲ್ಕೂ ಕಡೆ ನಿಲುಗಡೆಯ ಫಲಕವಿದ್ದರೆ ಮೊದಲು ಬಂದು ನಿಂತವರು ಮೊದಲು ಹೋಗುತ್ತಾರೆ, ಉಳಿದವರು ಹಾರ್ನ್ ಒತ್ತದೆ ಕಾಯುತ್ತಾರೆ. ಹುಬ್ಬಳ್ಳಿಯ ಹೊಸೂರು ಸರ್ಕಲ್ಲಿನಲ್ಲಿ ಗಾಡಿ ಓಡಿಸಿ ಪಳಗಿದ ನಮಗೆ ಇದೊಂದನ್ನು ರೂಢಿ ಮಾಡಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

ಉದ್ಯಾನದೊಳಗಿನ ನಿಯಮಗಳು ಕೆಲವೇ, ಆದರೆ ಕಟ್ಟುನಿಟ್ಟು. ಡಾಂಬರು ರಸ್ತೆಯಲ್ಲಿ ಗಂಟೆಗೆ 50, ಜಲ್ಲಿ ರಸ್ತೆಯಲ್ಲಿ 40 ಕಿಲೋಮೀಟರ್ ಮೀರುವಂತಿಲ್ಲ. ಫಲಕ ಹಾಕಿದ ತಾಣಗಳನ್ನು ಬಿಟ್ಟು ಬೇರೆಲ್ಲಿಯೂ ಗಾಡಿಯಿಂದ ಇಳಿಯುವಂತಿಲ್ಲ. ಕಿಟಕಿಯಿಂದ ಮೈ ಹೊರಚಾಚುವುದೂ ತಪ್ಪು. ಇದರ ಹಿಂದೆ ದಂಡಕ್ಕಿಂತ ಮುಖ್ಯವಾದ ತರ್ಕವಿದೆ. ಹುಟ್ಟಿದಾಗಿನಿಂದ ಕಾರುಗಳನ್ನು ಕಂಡ ಸಿಂಹ ಗಾಡಿಯನ್ನು ತಿನ್ನಲು ಬಾರದ, ಅಂಜಬೇಕಾಗಿಯೂ ಇಲ್ಲದ ಒಂದು ವಸ್ತುವೆಂದು ಕಡೆಗಣಿಸಿರುತ್ತದೆ. ಅದೇ ಗಾಡಿಯಿಂದ ಒಂದು ತಲೆ, ಎರಡು ತೋಳು ಹೊರಬಂದ ಕ್ಷಣಕ್ಕೆ ಅದರ ಕಣ್ಣಿಗೆ ಕಾರು ಮಾಯವಾಗಿ ಮನುಷ್ಯ ಕಾಣುತ್ತಾನೆ. ಶಿಬಿರದ ಗೇಟು ಸೂರ್ಯೋದಯದ ಹೊತ್ತಿಗೆ ತೆರೆದು ಸಂಜೆ ನಿಗದಿತ ಸಮಯಕ್ಕೆ ಮುಚ್ಚುತ್ತದೆ. ಜೂನ್-ಜುಲೈನಲ್ಲಿ ಬೆಳಿಗ್ಗೆ 6ರಿಂದ ಸಂಜೆ 5.30ರವರೆಗೆ ಮಾತ್ರ, ತಡವಾಗಿ ಬಂದವರಿಗೆ ದಂಡ ತಪ್ಪದು.

ಇನ್ನು ದಿನದ ವಿಷಯ. ಹೊಸಬರಿಗೆ ನಾನು ಸೂಚಿಸುವುದು ಸ್ಕುಕೂಜಾ ಶಿಬಿರದಿಂದ ಲೋವರ್ ಸಾಬಿ ಶಿಬಿರಕ್ಕೆ ಸಾಬಿ ನದಿಯ ಪಕ್ಕದಲ್ಲಿಯೇ ಹೋಗುವ ಎಚ್4-1 ಎಂಬ ಡಾಂಬರು ರಸ್ತೆಯನ್ನು. ಉದ್ದ ನಲವತ್ತೈದು ಕಿಲೋಮೀಟರಿನ ಆಸುಪಾಸು, ಅಂದರೆ ಹೆಚ್ಚುಕಡಿಮೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಮರಳಿ ಬಂದಷ್ಟು. ಆಗಸ್ಟ್ ತಿಂಗಳ ಒಂದು ದಿನ ಆ ದಾರಿಯನ್ನು ಮುಗಿಸಲು ನಮಗೆ ಐದೂವರೆ ತಾಸು ಬೇಕಾಯಿತು, ಅದೂ ಸಾಲಲಿಲ್ಲ.

ಅಂದು ನಸುಕಿನಲ್ಲಿ ಗೇಟು ತೆರೆಯುವ ಮುಂಚೆಯೇ ಏಳೆಂಟು ಗಾಡಿಗಳು ಸಾಲಾಗಿ ನಿಂತಿದ್ದವು. ಆಗಸ್ಟ್ ಅಲ್ಲಿ ಚಳಿಗಾಲದ ಕೊನೆ. ಕಿಟಕಿ ಇಳಿಸಿದರೆ ಕಿವಿ ಸೆಟೆಯುವಂಥ ಚಳಿ. ಗೇಟು ತೆರೆದದ್ದೇ ತಡ, ಎಲ್ಲರೂ ನಮ್ಮನ್ನು ದಾಟಿ ಮುಂದೆ ಹೋದರು. ಸ್ವಲ್ಪ ದೂರದಲ್ಲಿಯೇ, ರಸ್ತೆಯ ಅಡಿಯಲ್ಲಿ ಮಳೆನೀರು ಹಾಯಲು ಹಾಕಿದ ಸಿಮೆಂಟ್ ಕೊಳವೆಯ ಬಾಯಲ್ಲಿ ಕಪ್ಪನೆಯದೇನೋ ಅಲುಗಾಡಿದಂತಾಯಿತು. ಎಂಜಿನ್ ಆರಿಸಿ ನಿಂತೆವು. ಮೊದಲು ಒಂದು ಮೂತಿ ಹೊರಬಂತು, ಆಮೇಲೆ ಎರಡು ದುಂಡು ಕಿವಿ, ಕೊನೆಗೆ ಇಡೀ ಮರಿ: ಚುಕ್ಕೆ ಕತ್ತೆಕಿರುಬದ್ದು. ದೊಡ್ಡವುಗಳ ಮೈಮೇಲಿನ ಚುಕ್ಕೆ ಎಳೆಯ ಮರಿಗಳಿಗೆ ಇರುವುದಿಲ್ಲ, ಮಸಿ ಬಳಿದಂತೆ ಕಪ್ಪಾಗಿರುತ್ತವೆ. ಅದರ ಹಿಂದೆ ಇನ್ನೊಂದು ಬಂತು. ಎರಡೂ ಸೇರಿ ನಮ್ಮ ಮುಂದಿನ ಗಾಲಿಯನ್ನು ಮೂಸಿ ನೋಡಿದವು, ಒಂದು ರಬ್ಬರನ್ನು ಕಚ್ಚಿ ಎಳೆಯಲು ಹವಣಿಸಿತು. ಕೊಳವೆಯ ಬಾಯಲ್ಲಿ ತಾಯಿ ಮುಂಗಾಲಿನ ಮೇಲೆ ಗದ್ದವಿಟ್ಟು ಮಲಗಿದ್ದು, ಅರೆಗಣ್ಣು ತೆರೆದು ನಮ್ಮನ್ನು ನೋಡಿ ಮತ್ತೆ ಮುಚ್ಚಿತು. ಕ್ರೂಗರ್‌ನ ಕತ್ತೆಕಿರುಬಗಳು ರಸ್ತೆಯ ಇಂಥ ಕೊಳವೆಗಳನ್ನು ಮರಿಗಳ ಗೂಡಾಗಿ ಬಳಸುವುದು ಸಾಮಾನ್ಯ. ಗದುಗಿನ ಕಪ್ಪತಗುಡ್ಡದಲ್ಲಿರುವುದು ಪಟ್ಟೆ ಕತ್ತೆಕಿರುಬ, ಅದು ಬೇರೆ ಜಾತಿ. ಇಲ್ಲಿನ ಚುಕ್ಕೆಯವು ದೊಡ್ಡ ಗುಂಪುಗಳಲ್ಲಿ ಬಾಳುತ್ತವೆ, ಗುಂಪಿನ ಯಜಮಾನಿಕೆ ಹೆಣ್ಣಿನದು. ನಲವತ್ತು ನಿಮಿಷ ಅಲ್ಲಿ ಕಳೆದೆವು. ಅಷ್ಟರಲ್ಲಿ ನಮ್ಮನ್ನು ದಾಟಿ ಹೋದ ಗಾಡಿಗಳ ಪೈಕಿ ನಿಂತದ್ದು ಒಂದೇ.

ಮುಂದಿನ ದಾರಿಯನ್ನು ಬೇಗ ಹೇಳಿ ಮುಗಿಸುತ್ತೇನೆ: ಜಿಂಕೆಯಂಥ ಇಂಪಾಲಾಗಳ ಹಿಂಡು, ದೊಡ್ಡ ಕೋತಿಗಳಾದ ಬಬೂನ್‌ಗಳು, ಜಿರಾಫೆ, ನದಿಯ ಮರಳಿನಲ್ಲಿ ಕಾಡೆಮ್ಮೆ. ಎನ್‌ಕುಹ್ಲು ಎಂಬಲ್ಲಿ ಇಳಿದು ಕಾಲು ನೀಡಲು ಅವಕಾಶವಿದೆ. ಲೋವರ್ ಸಾಬಿಗೆ ಸ್ವಲ್ಪ ಮುಂಚೆ ರಸ್ತೆಗೆ ಅಂಟಿಕೊಂಡೇ ಸನ್‌ಸೆಟ್ ಡ್ಯಾಮ್ ಎಂಬ ಸಣ್ಣ ಕೆರೆಯಿದೆ. ಗಾಡಿಯನ್ನು ನೀರಿನ ಅಂಚಿಗೆ ಒಯ್ದು ನಿಲ್ಲಿಸಬಹುದು. ಅಲ್ಲಿ ಹಳದಿ ಕೊಕ್ಕಿನ ಕೊಕ್ಕರೆಯೊಂದು ನಮ್ಮಿಂದ ಹತ್ತು ಹೆಜ್ಜೆಯ ದೂರದಲ್ಲಿ ಮೀನು ಹಿಡಿಯುತ್ತಿತ್ತು. ನಮ್ಮ ಕೆರೆಗಳಿಗೆ ಬರುವ ಬಣ್ಣದ ಕೊಕ್ಕರೆಯ ಬಳಗದ್ದೇ ಹಕ್ಕಿ. ಅರೆ ತೆರೆದ ಕೊಕ್ಕನ್ನು ನೀರಿನಲ್ಲಿ ಮುಳುಗಿಸಿ, ಒಂದು ಕಾಲಿನಿಂದ ಕೆಸರನ್ನು ಕಲಕುತ್ತ, ಹೆದರಿ ಎದ್ದ ಮೀನು ಕೊಕ್ಕಿಗೆ ತಾಗಿದೊಡನೆ ಮುಚ್ಚಿಬಿಡುತ್ತದೆ. ನೋಡಿ ಹಿಡಿಯುವುದಲ್ಲ, ಮುಟ್ಟಿ ಹಿಡಿಯುವುದು. ಅದರ ಹಿಂದೆ ನೀರುಕುದುರೆಗಳು ಕಣ್ಣು, ಮೂಗು ಮಾತ್ರ ಮೇಲಿಟ್ಟು ಮಲಗಿದ್ದವು. ಬಿಸಿಲಿಗೆ ಅವುಗಳ ಚರ್ಮ ತಾಳದ ಕಾರಣ ಹಗಲೆಲ್ಲ ನೀರಿನಲ್ಲಿದ್ದು ರಾತ್ರಿ ಮೇಯಲು ಹೊರಡುತ್ತವೆ. ಮಧ್ಯಾಹ್ನದ ಮೂರು ತಾಸು ನಾವು ಆ ಕೆರೆಯ ದಂಡೆಯಲ್ಲಿಯೇ ಇದ್ದೆವು. ಅಂದು ಸಿಂಹ ಕಾಣಲಿಲ್ಲ.

ಮಾರ್ಗದರ್ಶಿಯ ಬಗ್ಗೆ ಕೇಳಿದ್ದೀರಿ. ಹಗಲಿಗೆ ಬೇಕಿಲ್ಲ. ಆದರೆ ರಾತ್ರಿ ಖಾಸಗಿ ಗಾಡಿಗೆ ಅವಕಾಶವಿಲ್ಲದ ಕಾರಣ, ಒಂದು ಸಂಜೆ ಉದ್ಯಾನದವರದೇ ರಾತ್ರಿ ಸಫಾರಿಗೆ, ಕಾಲಲ್ಲಿ ಶಕ್ತಿಯಿದ್ದರೆ ಒಂದು ಬೆಳಿಗ್ಗೆ ಬಂದೂಕುಧಾರಿ ಸಿಬ್ಬಂದಿಯೊಂದಿಗಿನ ಕಾಲ್ನಡಿಗೆಗೆ ಹೆಸರು ನೋಂದಾಯಿಸಿ.

ಪ್ರಶ್ನೆ: ಕಳೆದ ವರ್ಷ ನಾವು ಹೋಗಿ ಬಂದೆವು. ಮೂರು ದಿನಗಳಲ್ಲಿ 800 ಕಿಲೋಮೀಟರ್ ಓಡಿಸಿದರೂ ಚಿರತೆ ಕಾಣಲಿಲ್ಲ, ಸಿಂಹ ಕಂಡದ್ದು ಇಪ್ಪತ್ತು ಗಾಡಿಗಳ ಸಂದಣಿಯಲ್ಲಿ. ಇಷ್ಟು ಖರ್ಚು ಮಾಡಿ ಹೋದದ್ದು ವ್ಯರ್ಥವಾಯಿತೆನ್ನಿಸುತ್ತದೆ. ನಮ್ಮ ತಪ್ಪು ಎಲ್ಲಿ?
– ದಂಪತಿ, ಸಪ್ತಾಪುರ, ಧಾರವಾಡ

ಉತ್ತರ: ನಿಮ್ಮ ಪತ್ರದಲ್ಲಿಯೇ ಉತ್ತರವಿದೆ, ಬೇಸರಿಸಬೇಡಿ. ದಿನಕ್ಕೆ 260-270 ಕಿಲೋಮೀಟರೆಂದರೆ ಗೇಟು ತೆರೆದಾಗಿನಿಂದ ಮುಚ್ಚುವವರೆಗೆ ಗಾಲಿ ನಿಂತಿಲ್ಲ. ನನ್ನ ಲೆಕ್ಕದಲ್ಲಿ ದಿನಕ್ಕೆ ನೂರು ಕಿಲೋಮೀಟರೇ ಹೆಚ್ಚು. ಸ್ವಂತ ಗಾಡಿಯ ದೊಡ್ಡ ಸೌಕರ್ಯವೆಂದರೆ ಎಲ್ಲಿ ಬೇಕಾದರೂ ಹೋಗಬಹುದೆಂಬುದಲ್ಲ, ಎಲ್ಲಿ ಬೇಕಾದರೂ ಎಷ್ಟು ಹೊತ್ತಾದರೂ ನಿಲ್ಲಬಹುದೆಂಬುದು. ಬಾಡಿಗೆ ಜೀಪಿನಲ್ಲಿ ಹತ್ತು ಜನರ ನಡುವೆ ಕುಳಿತಾಗ ಸಿಗದಿರುವುದು ಇದೇ. ಮಿತಿ 50 ಇದ್ದರೂ 20-25ರಲ್ಲಿ ಹೋಗಿ. ಚಾಲಕರು ರಸ್ತೆಯನ್ನು ನೋಡಲಿ, ಉಳಿದವರು ಎಡ-ಬಲಗಳನ್ನು ಹಂಚಿಕೊಳ್ಳಲಿ.

ಚಿರತೆಯನ್ನು ಹುಡುಕುವುದಕ್ಕಿಂತ ಚಿರತೆಯನ್ನು ಈಗಾಗಲೇ ಕಂಡವರನ್ನು ಹುಡುಕುವುದು ಸುಲಭ. ಇಂಪಾಲಾಗಳೆಲ್ಲ ಮೇವು ಬಿಟ್ಟು ಒಂದೇ ದಿಕ್ಕಿಗೆ ಮುಖ ಮಾಡಿ ಮೂಗಿನಿಂದ ಸೀನಿದಂತೆ ಸದ್ದು ಮಾಡುತ್ತಿದ್ದರೆ, ಮಂಗಗಳು ಮರದ ತುದಿಗೇರಿ ಕೆಳಗೆ ನೋಡುತ್ತ ಕಿರುಚುತ್ತಿದ್ದರೆ, ಜಿರಾಫೆಯೊಂದು ಬಹಳ ಹೊತ್ತು ಅಲುಗಾಡದೆ ಒಂದೇ ಪೊದೆಯನ್ನು ದಿಟ್ಟಿಸುತ್ತಿದ್ದರೆ ಅಲ್ಲಿಯೇ ಎಂಜಿನ್ ಆರಿಸಿ. ನಾವು ಒಮ್ಮೆ ಹಾಗೆ ಐವತ್ತು ನಿಮಿಷ ಕಾದು, ಏನೂ ಹೊರಬರಲಿಲ್ಲವೆಂದು ಹೊರಟುಬಿಟ್ಟೆವು. ನಮ್ಮ ಹಿಂದೆ ನಿಂತಿದ್ದ ಗಾಡಿಯವರು ರಾತ್ರಿ ಶಿಬಿರದಲ್ಲಿ ಸಿಕ್ಕು, ನಾವು ಹೋದ ಐದು ನಿಮಿಷಕ್ಕೆ ರಸ್ತೆ ದಾಟಿದ ಚಿರತೆಯ ಫೋಟೋ ತೋರಿಸಿದರು. ಆ ಫೋಟೋ ಬಹಳ ಚೆನ್ನಾಗಿ ಬಂದಿತ್ತು.

ಜಾಗದ ಆಯ್ಕೆಯೂ ಮುಖ್ಯ. ಕ್ರೂಗರ್‌ನ ಪಶ್ಚಿಮಾರ್ಧದಲ್ಲಿ ಗ್ರಾನೈಟ್, ಪೂರ್ವಾರ್ಧದಲ್ಲಿ ಬಸಾಲ್ಟ್ ಶಿಲೆ. ಬಸಾಲ್ಟ್ ಸವೆದು ಆದ ಕಪ್ಪು ಮಣ್ಣಿನಲ್ಲಿ ರುಚಿಕರ ಹುಲ್ಲು ಬೆಳೆಯುವುದರಿಂದ ಸತಾರಾ ಶಿಬಿರದ ಸುತ್ತಲಿನ ಬಯಲಿನಲ್ಲಿ ಜೀಬ್ರಾ, ದನದಂಥ ವಿಲ್ಡಬೀಸ್ಟ್‌ಗಳು ಹೆಚ್ಚು, ಅವುಗಳ ಬೆನ್ನಿಗೆ ಸಿಂಹಗಳೂ ಹೆಚ್ಚು. ಚಿರತೆಗೆ ನದಿಯ ಅಂಚಿನ ದೊಡ್ಡ ಮರಗಳು ಬೇಕು. ಸಿಂಹ ದಿನದ ಬಹುಪಾಲು ಮಲಗಿಯೇ ಇರುವ ಪ್ರಾಣಿಯಾದ ಕಾರಣ, ಹತ್ತು ಗಂಟೆಯ ನಂತರ ಅದಕ್ಕಾಗಿ ಅಲೆಯುವ ಬದಲು ನೀರಿನ ಬಳಿ ಕುಳಿತುಬಿಡುವುದು ಮೇಲು. ಯಾವ ಪ್ರಾಣಿ ಎಲ್ಲಿ ಕಂಡಿತೆಂದು ಗುರುತು ಹಾಕುವ ಫಲಕ ಶಿಬಿರಗಳಲ್ಲಿರುತ್ತದೆ. ಸಂಜೆ ಅದನ್ನು ನೋಡಿ ಮರುದಿನದ ದಾರಿ ನಿರ್ಧರಿಸಬಹುದು. ಘೇಂಡಾಮೃಗ ಕಂಡ ಜಾಗವನ್ನು ಮಾತ್ರ ಯಾರಿಗೂ ಹೇಳಬೇಡಿ, ಮೊಬೈಲಿನಲ್ಲಿ ಹಂಚಬೇಡಿ. ಕೊಂಬಿಗಾಗಿ ಅದನ್ನು ಕೊಲ್ಲುವವರೂ ಅದೇ ಸುದ್ದಿಗಾಗಿ ಕಾಯುತ್ತಿರುತ್ತಾರೆ.

ಪ್ರಶ್ನೆ: ಲಗತ್ತಿಸಿದ ಫೋಟೋದಲ್ಲಿರುವುದು ಚಿರತೆಯೇ, ಚೀತಾವೇ? ಮನೆಯಲ್ಲಿ ವಾದ ನಡೆದಿದೆ.
– ಓದುಗರೊಬ್ಬರು, ಶಿಗ್ಗಾಂವಿ

ಉತ್ತರ: ಚೀತಾ. ಕಣ್ಣಿನ ಒಳತುದಿಯಿಂದ ಬಾಯಿಯವರೆಗೆ ಕಾಡಿಗೆ ಇಳಿದಂತೆ ಕಪ್ಪು ಗೆರೆಯಿದೆ, ಮೈಮೇಲಿರುವುದು ತುಂಬಿದ ಚುಕ್ಕೆ. ಚಿರತೆಯ ಚುಕ್ಕೆಗಳು ಹೂವಿನ ದಳದಂತೆ ಗುಂಪುಗಟ್ಟಿರುತ್ತವೆ. 2022ರಲ್ಲಿ ನಮೀಬಿಯಾದಿಂದ 8, 2023ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ 12ರಂತೆ ಮಧ್ಯಪ್ರದೇಶದ ಕುನೋ ರಾಷ್ಟ್ರೀಯ ಉದ್ಯಾನಕ್ಕೆ ತಂದದ್ದು ಇದೇ ಪ್ರಾಣಿಯನ್ನು.

ಪ್ರಶ್ನೆ: ನಮ್ಮ ಎರೆಹೊಲದಲ್ಲಿ ಒಂದು ಮಳೆ ಬಿದ್ದರೆ ಟ್ರ್ಯಾಕ್ಟರೂ ಹೂತು ನಿಲ್ಲುತ್ತದೆ. ಆಫ್ರಿಕಾದಲ್ಲಿಯೂ ಕರಿಮಣ್ಣಿದೆಯೆಂದು ಕೇಳಿದ್ದೇನೆ. ಕಾಡಿನ ನಡುವೆ ಗಾಡಿ ಹೂತರೆ, ಅದೇ ಹೊತ್ತಿಗೆ ಆನೆ ಬಂದರೆ ಏನು ಗತಿ?
– ಓದುಗರೊಬ್ಬರು, ಬೆಟಗೇರಿ, ಗದಗ

ಉತ್ತರ: ಎರೆಮಣ್ಣಿನ ಅನುಭವವಿರುವ ನೀವು ಅರ್ಧ ಪರೀಕ್ಷೆ ಪಾಸಾದಂತೆಯೇ. ನಿಮ್ಮ ಅಂಜಿಕೆ ಕೀನ್ಯಾದ ಮಸಾಯಿ ಮಾರಾ ಮೃಗಧಾಮಕ್ಕೆ ಸರಿಯಾಗಿ ಹೊಂದುತ್ತದೆ. ಅಲ್ಲಿನ ಬಯಲು ಅಪ್ಪಟ ಕರಿ ಎರೆ, ಮಳೆ ಬಿದ್ದರೆ ನಾಲ್ಕು ಗಾಲಿಗೂ ಶಕ್ತಿ ಹಾಯುವ ಗಾಡಿಯೇ ಜಾರಾಡುತ್ತದೆ. ಮೊದಲ ಬಾರಿಗೆ ಸ್ವಂತ ಗಾಡಿಯಲ್ಲಿ ಹೋಗುವವರಿಗೆ ನಾನು ಅದನ್ನು ಸೂಚಿಸುವುದಿಲ್ಲ. ಕ್ರೂಗರ್‌ನಲ್ಲಿ ಮುಖ್ಯ ರಸ್ತೆಗಳು ಡಾಂಬರಿನವು, ಉಳಿದ ಬಹುಪಾಲು ಜಲ್ಲಿಯವು. ಸಾಧಾರಣ ಕಾರು ಸಾಕು. ಜೋರು ಮಳೆಯಾದರೆ ಸಣ್ಣ ರಸ್ತೆಗಳನ್ನು ಮುಚ್ಚುತ್ತಾರೆ. ಗಾಡಿ ಕೆಟ್ಟರೆ ಇಳಿಯದೆ ಒಳಗೇ ಕುಳಿತು, ಪ್ರವೇಶ ಪತ್ರದಲ್ಲಿರುವ ತುರ್ತು ಸಂಖ್ಯೆಗೆ ಕರೆ ಮಾಡಬೇಕು. ಕೆಲವೆಡೆ ಮೊಬೈಲ್ ಸಿಗುವುದಿಲ್ಲ. ಆಗ ದಾರಿಹೋಕ ಗಾಡಿಯವರ ಮೂಲಕ ಶಿಬಿರಕ್ಕೆ ಸುದ್ದಿ ಮುಟ್ಟಿಸಬೇಕು.

ಆನೆಯ ವಿಷಯ ಮಾತ್ರ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಸಿಂಹಕ್ಕಿಂತ ನನಗೆ ಅಲ್ಲಿ ಅಂಜಿಕೆ ಹುಟ್ಟಿಸಿದ್ದು ಆನೆಯೇ. ಆಫ್ರಿಕಾದ ಆನೆಗಳಲ್ಲಿ ಹೆಣ್ಣಿಗೂ ದಂತವಿರುತ್ತದೆ. ದೊಡ್ಡ ಸಲಗ ಆರು ಟನ್ ತೂಗುತ್ತದೆ, ನಮ್ಮ ಬಾಡಿಗೆ ಕಾರು ಒಂದು ಟನ್ನಿನ ಆಸುಪಾಸು. ಒಂದು ತಿರುವಿನಲ್ಲಿ ಸಲಗವೊಂದು ರಸ್ತೆಯ ನಡುವೆಯೇ ನಮ್ಮತ್ತ ನಡೆದು ಬರುತ್ತಿತ್ತು. ಕಣ್ಣು-ಕಿವಿಗಳ ನಡುವಿನಿಂದ ಮದಜಲ ಇಳಿದು ಕೆನ್ನೆ ಕಪ್ಪಾಗಿತ್ತು, ಹಿಂಗಾಲುಗಳ ನಡುವೆ ಮೂತ್ರ ತೊಟ್ಟಿಕ್ಕುತ್ತಿತ್ತು. ಮದವೇರಿದ ಸಲಗದ ಮುಖ್ಯ ಗುರುತು ಇವೆರಡು. ಅದು ಓಡಲಿಲ್ಲ, ಘೀಳಿಡಲಿಲ್ಲ, ಪಾದದ ಸದ್ದೂ ಇರಲಿಲ್ಲ. ಒಂದೊಂದೇ ಹೆಜ್ಜೆಯಿಡುತ್ತ ಬಂತು, ನಾವು ಒಂದೊಂದೇ ಗಾಲಿಯುರುಳಿನಷ್ಟು ಹಿಂದೆ ಸರಿದೆವು. ಹೀಗೆ ಮುಕ್ಕಾಲು ಕಿಲೋಮೀಟರ್ ರಿವರ್ಸ್ ಗೇರಿನಲ್ಲಿಯೇ ಕ್ರಮಿಸಿದ ಮೇಲೆ ಅದಕ್ಕೆ ಎಡಕ್ಕಿದ್ದ ಮರವೊಂದು ಇಷ್ಟವಾಗಿ ರಸ್ತೆ ಬಿಟ್ಟಿತು. ಆನೆ ಕಂಡೊಡನೆ ದೂರದಲ್ಲಿಯೇ ನಿಂತು, ಹಿಂದೆ ಸರಿಯಲು ದಾರಿ ಖಾಲಿ ಇದೆಯೇ ನೋಡಿಕೊಳ್ಳಿ. ಹಿಂಡಿನ ನಡುವೆ, ತಾಯಿ-ಮರಿಯ ನಡುವೆ ಗಾಡಿ ತೂರಿಸಬೇಡಿ. ಕಿವಿ ಅಗಲಿಸಿ, ತಲೆಯೆತ್ತಿ ಒದರಿದರೆ ಎಚ್ಚರಿಕೆ ಕೊಡುತ್ತಿದೆಯೆಂದು ತಿಳಿಯಬೇಕು. ಹಾರ್ನ್ ಒತ್ತುವ ಕೈಯನ್ನು ಕಟ್ಟಿಹಾಕಿಕೊಳ್ಳಿ.

ಪ್ರಶ್ನೆ: ಶುದ್ಧ ಸಸ್ಯಾಹಾರಿಗಳಾದ ನಮಗೆ ಊಟದ ಗತಿಯೇನು? ಏಳು ವರ್ಷದ ಮಗಳನ್ನು ಕರೆದೊಯ್ಯಬಹುದೇ? ಗಾಡಿಯಿಂದ ಇಳಿಯಲೇಬಾರದೆಂದರೆ ಶೌಚಕ್ಕೆ ಹೇಗೆ?
– ಗೃಹಿಣಿಯೊಬ್ಬರು, ಬ್ಯಾಡಗಿ

ಉತ್ತರ: ಕೊನೆಯ ಪ್ರಶ್ನೆಯನ್ನು ಕೇಳಲು ಸಂಕೋಚಪಟ್ಟು ಫೋನ್ ಮಾಡಿದವರು ಹಲವರು, ನೀವು ನೇರವಾಗಿ ಬರೆದದ್ದು ಒಳ್ಳೆಯದಾಯಿತು. ಶಿಬಿರಗಳಲ್ಲದೆ, ಎನ್‌ಕುಹ್ಲು, ಶೋಕ್ವಾನೆಯಂಥ ವಿಶ್ರಾಂತಿ ತಾಣಗಳಲ್ಲಿ ಸ್ವಚ್ಛ ಶೌಚಾಲಯಗಳಿವೆ. ನಿಧಾನ ಹೋಗುವವರಿಗೆ ಒಂದರಿಂದ ಇನ್ನೊಂದಕ್ಕೆ ಎರಡು ತಾಸು ಬೇಕಾಗಬಹುದು, ಆದ್ದರಿಂದ ಅವಶ್ಯವೆನಿಸದಿದ್ದರೂ ಸಿಕ್ಕ ಕಡೆಯೆಲ್ಲ ಹೋಗಿಬರುವುದನ್ನು ಮಗಳಿಗೆ ರೂಢಿ ಮಾಡಿಸಿ. ಅಡುಗೆಮನೆಯಿರುವ ಕೋಣೆಗಳು ಶಿಬಿರಗಳಲ್ಲಿ ಸಿಗುತ್ತವೆ. ಅಕ್ಕಿ, ಬೇಳೆ, ತರಕಾರಿ ಅಲ್ಲಿನ ಪೇಟೆಯಲ್ಲಿಯೇ ಕೊಳ್ಳಿರಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ದದ್ದನ್ನು ಕಸ್ಟಮ್ಸ್‌ನಲ್ಲಿ ಕೇಳುವ ಮುಂಚೆಯೇ ಹೇಳಿಬಿಡಿ; ಬಿತ್ತನೆ ಬೀಜ, ಹಣ್ಣು, ಜೇನುತುಪ್ಪ ಬೇಡ. ತಿನಿಸನ್ನು ಹೊರಗೆ ಬಿಟ್ಟರೆ ಬಬೂನ್ ಒಯ್ಯುತ್ತದೆ.

ಕ್ರೂಗರ್ ಮಲೇರಿಯಾ ಪ್ರದೇಶ. ಮಳೆಗಾಲವಾದ ಬೇಸಿಗೆಯಲ್ಲಿ ಅಪಾಯ ಹೆಚ್ಚು, ಜೂನ್‌ನಿಂದ ಆಗಸ್ಟ್‌ವರೆಗೆ ಕಡಿಮೆ. ಮಗುವಿನ ಮಾತ್ರೆಯ ಬಗ್ಗೆ ಹೊರಡುವ ಕೆಲವು ವಾರ ಮುಂಚೆಯೇ ನಿಮ್ಮ ವೈದ್ಯರನ್ನು ಕಾಣಿರಿ. ಪ್ರಾಣಿಗಳನ್ನು ನೋಡಲಿಕ್ಕೂ ಅದೇ ಒಣ ಋತು ಅನುಕೂಲ: ಹುಲ್ಲು ಕುಸಿದಿರುತ್ತದೆ, ಉಳಿದ ಕೆಲವೇ ನೀರಿನ ತಾಣಗಳಿಗೆ ಎಲ್ಲವೂ ಬರಲೇಬೇಕಾಗುತ್ತದೆ. ಕೀನ್ಯಾದಂಥ ಹಳದಿಜ್ವರದ ದೇಶದ ಮೂಲಕ ಹೋಗುವ ವಿಮಾನವಾದರೆ, ಅಲ್ಲಿ 12 ತಾಸಿಗಿಂತ ಹೆಚ್ಚು ತಂಗಿದವರಿಂದ ಲಸಿಕೆಯ ಪ್ರಮಾಣಪತ್ರ ಕೇಳುತ್ತಾರೆ. ಲಸಿಕೆಯನ್ನು ಕನಿಷ್ಠ ಹತ್ತು ದಿನ ಮುಂಚೆ ಹಾಕಿಸಿಕೊಂಡಿರಬೇಕು.

ಪ್ರಶ್ನೆ: ಇಂಪಾಲಾ ಎಂದರೆ ನಮ್ಮ ಚಿಗರಿಯೇ? ಹೋಗುವ ಮುಂಚೆ ಇಲ್ಲಿಯೇ ಅಭ್ಯಾಸ ಮಾಡಿಕೊಳ್ಳಲು ಸಾಧ್ಯವೇ?
– ಕಾಲೇಜು ವಿದ್ಯಾರ್ಥಿ, ರಾಣೆಬೆನ್ನೂರು

ಉತ್ತರ: ಅಲ್ಲ. ಚಿಗರಿ, ಅಂದರೆ ಕೃಷ್ಣಮೃಗದ ಗಂಡಿಗೆ ತಿರುಪಿನಂತೆ ಸುತ್ತಿದ ಕೊಂಬು, ಬಲಿತಾಗ ಕಪ್ಪಾಗುವ ಬೆನ್ನು. ಇಂಪಾಲಾದ ಗಂಡಿಗೆ ವೀಣೆಯ ಬಾಗಿನಂಥ ಕೊಂಬು, ಮೈ ಎಂದಿಗೂ ಕಂದು. ಹಿಂಗಾಲಿನ ಗೊರಸಿನ ಮೇಲೆ ಕಪ್ಪು ಕೂದಲಿನ ಕುಚ್ಚು ಇರುತ್ತದೆ. ಚಿಗರಿಯ ಹತ್ತಿರದ ಬಳಗ ಬೇಕಾದರೆ ನಮೀಬಿಯಾದ ಎಟೋಶಾ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಸ್ಪ್ರಿಂಗ್‌ಬಾಕ್ ನೋಡಬೇಕು. ಅಲ್ಲಿಯೂ ಸ್ವಂತ ಗಾಡಿಯಲ್ಲಿ ಹೋಗಬಹುದು. ಒಕೌಕುಯೆಯೊ ಶಿಬಿರದ ದೀಪ ಹಾಕಿದ ನೀರಿನ ಹೊಂಡಕ್ಕೆ ರಾತ್ರಿ ಕಪ್ಪು ಘೇಂಡಾಮೃಗಗಳು ಬರುತ್ತವೆ.

ಅಭ್ಯಾಸಕ್ಕೆ ನೀವು ಬಹಳ ಒಳ್ಳೆಯ ಊರಿನಲ್ಲಿದ್ದೀರಿ. ಹುಬ್ಬಳ್ಳಿ-ಧಾರವಾಡದ ನಡುವಿನ ಬಸ್ಸಿಗೆ ಹೆಸರು ಕೊಟ್ಟ ಚಿಗರಿ ನಿಮ್ಮ ಊರ ಪಕ್ಕದ ಅಭಯಾರಣ್ಯದಲ್ಲಿಯೇ ಇದೆ. ಒಂದು ಬೆಳಿಗ್ಗೆ ಎರಡು ತಾಸು ಅಲುಗಾಡದೆ ಕುಳಿತು ಒಂದೇ ಹಿಂಡನ್ನು ನೋಡಿ: ಯಾವುದು ಮೊದಲು ತಲೆಯೆತ್ತುತ್ತದೆ, ಉಳಿದವು ಯಾವಾಗ ಅದನ್ನು ನಂಬುತ್ತವೆ, ನಾಯಿ ಬಂದಾಗ ಮತ್ತು ಮನುಷ್ಯ ಬಂದಾಗ ವ್ಯತ್ಯಾಸವೇನು ಎಂದು ಬರೆದಿಟ್ಟುಕೊಳ್ಳಿ. ಚಳಿಗಾಲದಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋದರೆ, ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಬೆಳಿಗ್ಗೆ ಹೊಲಗಳಿಂದ ಕೆರೆಗೆ ಮರಳುವುದನ್ನು ಕಾಣಬಹುದು; ದೂರದ ಹಕ್ಕಿಯನ್ನು ಬೈನಾಕ್ಯುಲರಿನಲ್ಲಿ ಹಿಡಿಯುವ ಅಭ್ಯಾಸ ಅಲ್ಲಿ ಚೆನ್ನಾಗಿ ಆಗುತ್ತದೆ. ಬೈನಾಕ್ಯುಲರ್ 8×42 ಅಳತೆಯದು ಸಾಕು, ಅದಕ್ಕಿಂತ ಹೆಚ್ಚು ಶಕ್ತಿಯದರಲ್ಲಿ ಕೈಯ ನಡುಕವೂ ದೊಡ್ಡದಾಗಿ ಕಾಣುತ್ತದೆ. ಸಾಧ್ಯವಾದರೆ ಗಾಡಿಯಲ್ಲಿರುವ ಪ್ರತಿಯೊಬ್ಬರಿಗೂ ಒಂದೊಂದು ಇರಲಿ. ನಾವು ನಾಲ್ವರು ಒಂದನ್ನೇ ಒಯ್ದಿದ್ದೆವು. ಅದು ಕೈಯಿಂದ ಕೈಗೆ ದಾಟಿ ನನ್ನವರೆಗೆ ಬರುವ ಹೊತ್ತಿಗೆ ಕಾಡುನಾಯಿಗಳ ಹಿಂಡು ಪೊದೆಯಾಚೆ ಸೇರಿ, ಕೊನೆಯದರ ಬಿಳಿ ಬಾಲದ ತುದಿಯಷ್ಟೇ ನನ್ನ ಪಾಲಿಗೆ ಸಿಕ್ಕಿತು.